ಕಣ್ಣು ಮುಚ್ಚಿದರೆ ಬೀಳುತ್ತಿದ್ದೆ

ಬಾಗಳಿಯ ಕಲ್ಲೇಶ್ವರನನ್ನು ನಂಬಿದ ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ಹೆತ್ತ ಕೂಸನ್ನು ಎತ್ತಿಕೊಳ್ಳಲು ನನಗೇ ಅಪ್ಪಣೆ ಇಲ್ಲದಿದ್ದ ಕಾಲದ ಸಂಗತಿಯನ್ನು ಬರೆಯುತ್ತಿದ್ದೇನೆ.

ನಮ್ಮದು ಹಗರಿಬೊಮ್ಮನಹಳ್ಳಿ. ಯಜಮಾನರದು ಹಿಟ್ಟಿನ ಗಿರಣಿ. ತೊಂಬತ್ತರ ದಶಕದ ಕೊನೆಯಲ್ಲಿ, ಮಗಳು ಗೌರಿ ಹುಟ್ಟಿದ ಮೇಲೆ, ನನಗೆ ಟಿ.ಬಿ. ಮರುಕಳಿಸಿತು. ಮಾತ್ರೆಗಳ ಜೊತೆಗೆ ದಿನಾ ಇಂಜೆಕ್ಷನ್ ಮಾಡಿಸಿಕೊಂಡೆ. ಕೆಮ್ಮು ನಿಂತಿತು, ಆದರೆ ನಡಿಗೆ ಕೆಟ್ಟಿತು. ಹೆಜ್ಜೆ ಇಟ್ಟರೆ ಎದುರಿನ ಅಂಗಡಿಯ ಬೋರ್ಡು ಮೇಲೆ ಕೆಳಗೆ ಕುಣಿಯುತ್ತಿತ್ತು. ಬರುವವರು ಯಾರೆಂದು ನಿಂತು ನೋಡಿದರೆ ಮಾತ್ರ ಗುರುತು ಹತ್ತುತ್ತಿತ್ತು. ಗೋಡೆ ಹಿಡಿಯದೆ ನಡೆದರೆ ತೂರಾಡುತ್ತಿದ್ದೆ. ಬಸ್ಸಿನಲ್ಲಿ ಒಬ್ಬಾಕೆ ಸೀರೆಯ ಸೆರಗು ಒಳಗೆ ಎಳೆದುಕೊಂಡು, "ಹೆಣ್ಮಗಳಾಗಿ ಕುಡದು ಬಂದಾಳ ನೋಡ್ರಿ" ಎಂದಳು. ಓಣಿಯಲ್ಲಿ ಕೆಲವರು ಗಾಳಿ ಸೋಕಿದೆ ಎಂದರು. ತೋರಿಸಿದ ಡಾಕ್ಟರರೆಲ್ಲ ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು.

ಒಂದು ಸಂಜೆ ಗೌರಿಯನ್ನು ಎತ್ತಿಕೊಂಡು ಪಡಸಾಲೆಯಲ್ಲಿ ನಿಂತಿದ್ದಾಗ ಕರೆಂಟು ಹೋಯಿತು. ಕತ್ತಲಾದದ್ದೇ ತಡ, ನಿಂತಲ್ಲಿಂದಲೇ ಬಿದ್ದೆ. ಕೂಸಿನ ಹಣೆ ಹೊಸ್ತಿಲಿಗೆ ಬಡಿದು ಒಡೆಯಿತು. ಅದು ಸ್ವಲ್ಪ ಹೊತ್ತು ಅಳಲೂ ಇಲ್ಲ. ಆ ಮೌನ ನನ್ನ ವೈರಿಗೂ ಬೇಡ.

ಹೊಲಿಗೆ ಹಾಕಿಸಿ ತಂದ ಮೇಲೆ ಅತ್ತೆ ನನ್ನ ಪಕ್ಕ ಕುಳಿತರು. "ನಿನ್ನ ತಪ್ಪು ಅನ್ನಂಗಿಲ್ಲವ್ವಾ ನೀಲಾ. ಆದ್ರ ಇನ್ಮ್ಯಾಲ ಕೂಸು ನನ್ನ ಕಡಿನ ಇರ್ಲಿ. ನಿನ್ನ ಕೈಗೆ ಕೊಡಾಕ ನನಗ ಧೈರ್ಯ ಇಲ್ಲ."

ನನಗೂ ಇರಲಿಲ್ಲ. ಮಗಳು ಕೈ ಚಾಚಿದರೆ ಮುಖ ತಿರುಗಿಸುತ್ತಿದ್ದೆ. ಬರಬರುತ್ತಾ ಅವಳು ಕೈ ಚಾಚುವುದನ್ನೇ ಬಿಟ್ಟಳು. ಬಾವಿಯ ಕಡೆ ಮನಸ್ಸು ಹೋದ ದಿನಗಳೂ ಇದ್ದವು.

ಕೊನೆಗೊಂದು ಸೋಮವಾರ ಯಜಮಾನರು ನನ್ನನ್ನು ಬಾಗಳಿಗೆ ಕರೆದುಕೊಂಡು ಹೋದರು. ಗುಡಿಯಲ್ಲಿ ಕೈ ಮುಗಿದು ಕಣ್ಣು ಮುಚ್ಚಿದೆ, ಬಿದ್ದೆ. ಎದ್ದು ಮತ್ತೆ ಮುಚ್ಚಿದೆ, ಮತ್ತೆ ಬಿದ್ದೆ. "ದೇವರಿಗೇ ನಾನು ಬ್ಯಾಡಾಗೀನಿ, ನಡೀರಿ" ಎಂದು ಯಜಮಾನರ ಮುಂದೆ ಅತ್ತುಬಿಟ್ಟೆ.

ಹಳೆಯ ಗುಡಿಯ ಕೆತ್ತನೆ ನೋಡಲು ಬಂದಿದ್ದ ಒಬ್ಬ ಹೆಣ್ಣುಮಗಳು ಹತ್ತಿರ ಬಂದು ನನ್ನ ತೋಳು ಹಿಡಿದರು. "ಅಮ್ಮಾ, ಕಣ್ಣು ಮುಚ್ಚಿದಾಗ ಮಾತ್ರ ಬೀಳ್ತೀರಾ? ಕತ್ತಲಲ್ಲೂ ಹಿಂಗೇ ಆಗುತ್ತಾ? ಮೊದಲು ಯಾವುದಾದರೂ ಇಂಜೆಕ್ಷನ್ ತಗೊಂಡಿದ್ರಾ?"

ಅವರು ದಾವಣಗೆರೆಯಲ್ಲಿ ಕಿವಿಯ ಡಾಕ್ಟರು. ತಲೆಸುತ್ತು, ತೂರಾಟದ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದವರು. ಅಷ್ಟು ದಿನ ಯಾರೂ ಕೇಳದ ಪ್ರಶ್ನೆಯನ್ನು ಶಿವನ ಎದುರಿಗೇ ಕೇಳಿದರು.

ಮರುವಾರ ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ದಾವಣಗೆರೆಗೆ ಹೋದೆವು. ಅವರು ನನ್ನ ಕಿವಿಗೆ ತಣ್ಣೀರು ಬಿಟ್ಟರು. ಸರಿಯಿದ್ದವರಿಗೆ ಇದರಿಂದ ಲೋಕವೇ ಗಿರ್ರನೆ ತಿರುಗುತ್ತದಂತೆ. ನನಗೆ ಬರೀ ತಣ್ಣಗಾಯಿತು. ಇನ್ನೊಂದು ಕಿವಿಗೂ ಅಷ್ಟೇ. ಡಾಕ್ಟರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಮೈಯ ತೂಕ ಹಿಡಿದು ನಿಲ್ಲಿಸೋ ಅಂಗ ಕಿವಿಯೊಳಗಿರುತ್ತೆ. ಟಿ.ಬಿ. ಇಂಜೆಕ್ಷನ್ ನಿಮ್ಮ ಜೀವ ಉಳಿಸಿದೆ, ಆದರೆ ಅದರಿಂದಲೇ ಆ ಅಂಗ ಎರಡೂ ಕಡೆ ಸತ್ತಿದೆ. ತಿರುಗಿ ಬರಲ್ಲ."

"ಮತ್ತ ನನ್ನ ಗತಿ ಏನ್ರಿ?"

"ಅದರ ಕೆಲಸಾನ ಕಣ್ಣಿಗೆ, ಪಾದಕ್ಕೆ ಕಲಿಸಬೇಕು. ನಿಧಾನ ಆಗುತ್ತೆ. ಆದರೆ ಆಗುತ್ತೆ."

ಮನೆಗೆ ಬಂದು ಕಲಿಸತೊಡಗಿದೆ. ಗೋಡೆಗೆ ಕುಂಕುಮದ ಬೊಟ್ಟಿಟ್ಟು, ಅದರಿಂದ ದೃಷ್ಟಿ ಕೀಳದೆ ತಲೆಯನ್ನು ಅತ್ತಿತ್ತ ಆಡಿಸುವುದು. ಹತ್ತಿಯ ಗಾದಿಯ ಮೇಲೆ ನಿಲ್ಲುವುದು. ಓಣಿಯಲ್ಲಿ ಹಗಲು ಹೊತ್ತು ನಡೆಯುವುದು. ಎಷ್ಟೋ ಸಲ ಬಿದ್ದೆ. ಮೊಣಕಾಲು ಒಡೆದು ಕೂತಾಗ ಅತ್ತೆಯೇ ಅರಿಶಿಣ ಹಚ್ಚಿ, "ಏಳವ್ವಾ, ಇನ್ನೊಂದು ಸುತ್ತು ಹೋಗೋಣು" ಎನ್ನುತ್ತಿದ್ದರು.

ಮುಂದಿನ ಬೇಸಿಗೆ ಮುಗಿಯುವ ಹೊತ್ತಿಗೆ ಆಸರೆ ಇಲ್ಲದೆ ಗಿರಣಿಯ ತನಕ ಹೋಗಿ ಬಂದೆ. ಅಂದು ಮಧ್ಯಾಹ್ನ ಅತ್ತೆ ಗೌರಿಯನ್ನು ತಂದು ನನ್ನ ಕಂಕುಳಿಗೆ ಕೊಟ್ಟರು. ಅವಳು ಹೊಸಬರ ಮುಖ ನೋಡುವಂತೆ ನನ್ನನ್ನು ನೋಡಿದಳು. ಆಮೇಲೆ ಕೊರಳು ತಬ್ಬಿದಳು.

ವಾಸಿಯಾಗಲಿ ಎಂದು ಬೇಡಿದ್ದೆ, ವಾಸಿಯಾಗಲಿಲ್ಲ. ಇವತ್ತಿಗೂ ಕತ್ತಲಲ್ಲಿ ಒಬ್ಬಳೇ ಹೆಜ್ಜೆ ಇಡಲಾರೆ. ಆದರೆ ಕಲ್ಲೇಶ್ವರ ನನ್ನನ್ನು ಕೆಡವಿದ್ದು ಎತ್ತುವವರ ಕಣ್ಣೆದುರಿಗೆ. ಇದನ್ನು ಅಕಸ್ಮಾತ್ ಎನ್ನುವವರು ಎನ್ನಲಿ, ನಾನು ಎನ್ನಲಾರೆ.

ನಿಮ್ಮ ಓಣಿಯಲ್ಲಿ ಯಾರಾದರೂ ತೂರಾಡುತ್ತಾ ನಡೆದರೆ ನಗಬೇಡಿ, ತಾಯಂದಿರೆ. ಹೋಗಿ ಅವರ ತೋಳು ಹಿಡಿಯಿರಿ.