ಬಿಳಿ ಅಕ್ಕೋರ ಎಳ್ಳು

ಕೊಲ್ಹಾಪುರದಲ್ಲಿ ಇನ್ನೂ ಮಹಾರಾಜರಿದ್ದ ಕಾಲ. ಗಡಹಿಂಗ್ಲಜದ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಬಿಳಿ ಅಕ್ಕೋರೊಬ್ಬರು ಕಡಲು ದಾಟಿ ಬಂದರು. ಏಸುವಿನ ಸೇವೆಯೆಂದು ಸಂಬಳವಿಲ್ಲದೆ ಕಲಿಸುತ್ತಿದ್ದರು. ಕನ್ನಡವನ್ನು 'ರೀ' ಹಚ್ಚಿಯೇ ಕಲಿತಿದ್ದರಿಂದ, ಅಂಗಳಕ್ಕೆ ನುಗ್ಗಿದ ಎಮ್ಮೆಗೂ "ಹೊರಗ ಹೋಗ್ರಿ" ಎನ್ನುತ್ತಿದ್ದರು. ಎಲ್ಲದಕ್ಕೂ ಕೊನೆಗೊಂದೇ ಮಾತು: "ಮಾತು ಅಂದ್ರ ಮಾತು ರೀ."

ಸಂಕ್ರಾಂತಿಯ ದಿನ ನಾವು ಅವರ ಕೈಗೆ ಎಳ್ಳು-ಬೆಲ್ಲ ಕೊಟ್ಟು, "ಇದನ್ನ ತಿಂದು ಚಲೋ ಮಾತಾಡ್ರಿ, ಜಗಳ ಮಾಡಬಾರದ್ರಿ" ಎಂದೆವು. ನಮಗದು ವರ್ಷವರ್ಷದ ಬಾಯಿಪಾಠ. ಅಕ್ಕೋರು ಅದನ್ನು ಆಣೆಯೆಂದೇ ತಿಳಿದರು. ಮರುದಿನದಿಂದ ಲೆಕ್ಕ ತಪ್ಪಿದವರ ಪಾಟಿ ನೋಡಿ, ಮುಖ ಕೆಂಪಗಾಗಿ, "ಅಂಕಿ ಭಾಳ ದುಂಡಗ ಬರದೀರಿ" ಎಂದು ಹಲ್ಲು ಕಚ್ಚುತ್ತಿದ್ದರು.

ಅದೇ ವಾರ ನನ್ನನ್ನು ಶಾಲೆ ಬಿಡಿಸಲು ಅಜ್ಜಿ ಬಂದಳು. ಅವಳ ಬಾಯಿಗೆ ಓಣಿಯೇ ಹೆದರುತ್ತಿತ್ತು. "ಹುಡುಗಿ ಓದಿ ಏನ ಕಡದ ಕಟ್ಟಿ ಹಾಕೂದೈತಿ?" ಎಂದು ಬಾಗಿಲಲ್ಲೇ ಶುರುಮಾಡಿದಳು. ಜಗಳವಾಡುವಂತಿಲ್ಲದ ಅಕ್ಕೋರು ಡಬ್ಬಿ ತೆಗೆದು ಅಜ್ಜಿಯ ಕೈಗೆ ಎಳ್ಳು ಹಾಕಿದರು. ಹಬ್ಬದ ಎಳ್ಳನ್ನು ಬೇಡವೆನ್ನಲಾದೀತೆ? ಅಜ್ಜಿ ಬಾಯಿಗೆ ಹಾಕಿಕೊಂಡಳು.

"ಇನ್ನ ನೀವೂ ಜಗಳ ಮಾಡೂಹಂಗಿಲ್ರಿ," ಎಂದರು ಅಕ್ಕೋರು. "ಮಾತು ಅಂದ್ರ ಮಾತು ರೀ."

ಅಜ್ಜಿ ಅಗಿಯುತ್ತ ನಿಂತಳು. ನುಂಗಿದಳು. ನನ್ನನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು.

ಮರುವರ್ಷದ ಸಂಕ್ರಾಂತಿಗೆ ಅಕ್ಕೋರು ಡಬ್ಬಿ ಹಿಡಿದು ನಮ್ಮ ಮನೆಗೇ ಬಂದರು. ಅಜ್ಜಿ ಒಳಗಿನಿಂದ ಅಗಳಿ ಹಾಕಿಕೊಂಡು ಕೂಗಿದಳು: "ಹುಡುಗೀನ ಸಾಲಿಗೆ ಕಳಸ್ತೇನ್ರಿ ಅಕ್ಕೋರ! ಎಳ್ಳು ಮಾತ್ರ ಬ್ಯಾಡ್ರಿ, ಓಣ್ಯಾಗ ನನಗಿನ್ನೂ ಭಾಳ ಜಗಳ ಅದಾವು!"