ಎರಡು ಕೈಯ ಮೊದಲ ನಡೆ

ಚದುರಂಗದ ಮೊದಲ ನಡೆಗೆ ನಮ್ಮ ಕಡೆ ಎರಡು ಕೈ ಬೇಕು. ಕಾಲಾಳುಗಳಲ್ಲಿ ಇಬ್ಬರನ್ನು ಆರಿಸಿ, ಎಡಗೈಯಿಂದ ಒಬ್ಬನನ್ನೂ ಬಲಗೈಯಿಂದ ಇನ್ನೊಬ್ಬನನ್ನೂ ಏಕಕಾಲಕ್ಕೆ ಒಂದೊಂದು ಮನೆ ಮುಂದೆ ಸರಿಸುವ ಈ ಸಂಪ್ರದಾಯಕ್ಕೆ ಶಾಸ್ತ್ರಾಧಾರವೇನೆಂದು ಹಾರವಾಡದ ನಮ್ಮ ಜಗಲಿಯಲ್ಲಿ ಯಾರೂ ಕೇಳಿದ್ದಿಲ್ಲ. ನೀವು ನಗಬಹುದು, ಒಂದೇ ಕೈಯಲ್ಲಿ ಶುರುಮಾಡುವವನನ್ನು ಕಂಡರೆ ನಮಗೆ ನಗು.

ನನ್ನ ಖಾಯಂ ಎದುರಾಳಿ ಚಿತ್ತಾಕುಲದ ಭಾವ, ಅಕ್ಕನ ಗಂಡ. ಮಳೆಗಾಲಕ್ಕೆ ದೋಣಿ ದಡ ಹತ್ತಿತೆಂದರೆ ಮೀನಿನ ಬದಲು ಅವರ ಬಲೆಗೆ ನಾನು ಬೀಳುತ್ತಿದ್ದೆ. ಅಕ್ಕನ ಮದುವೆಯಾದಂದಿನಿಂದ ಒಮ್ಮೆಯೂ ಅವರನ್ನು ಸೋಲಿಸಿದವನಲ್ಲ. ಅಂಕೋಲೆಯಲ್ಲಿ ಕಚೇರಿಯ ಕುರ್ಚಿ ಸವೆಸಿ ನಿವೃತ್ತನಾದ ನನಗೆ, ಭಾವನ ರಾಜನನ್ನು ಒಮ್ಮೆ ಕಟ್ಟಿಹಾಕಬೇಕೆಂಬುದೇ ಉಳಿದಿದ್ದ ಏಕೈಕ ಐಹಿಕ ಆಸೆ.

ಕಳೆದ ಮಳೆಗಾಲ ಕಾರವಾರದ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ವಿಧಿ ನಮ್ಮಿಬ್ಬರನ್ನು ಎದುರುಬದುರು ಕೂರಿಸಿತು. ಭಾವ ಅಭ್ಯಾಸಬಲದಿಂದ ಎರಡೂ ಕೈ ಚಾಚಿದರು, ನಾನೂ ಚಾಚಿದೆ. ಆಮೇಲಿನದೆಲ್ಲ ನನ್ನ ಪೂರ್ವಜನ್ಮದ ಪುಣ್ಯ: ಅವರ ಮಂತ್ರಿ ಬಿದ್ದ, ರಾಜ ಮೂಲೆ ಸೇರಿದ, ನನ್ನ ಆನೆ ಇನ್ನೊಂದು ಹೆಜ್ಜೆ ಇಟ್ಟರೆ ಆಟ ಖತಂ. ಅಷ್ಟರಲ್ಲಿ, ಆಟ ಮುಗಿಯಿತೆಂದೇ ತಿಳಿದು ಹತ್ತಿರ ಬಂದ ತೀರ್ಪುಗಾರರು, "ಯಾವ ಓಪನಿಂಗ್ ಆಡಿದ್ರಿ ಸರ್?" ಎಂದು ಮೆಚ್ಚುಗೆಯಿಂದ ಕೇಳಿದರು. ಸುಮ್ಮನಿರಬಹುದಿತ್ತು. ಎರಡು ಕೈಯ ಆರಂಭದ ಮಹಿಮೆಯನ್ನು ಅಭಿನಯಸಹಿತ ವಿವರಿಸಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂಬ ಗಾದೆ ನೆನಪಾದದ್ದು ಆಮೇಲೆ.

ತೀರ್ಪುಗಾರರ ಮುಖ ಬದಲಾಯಿತು. ನಿಯಮಬಾಹಿರ ನಡೆಯ ನಂತರದ್ದೆಲ್ಲ ರದ್ದಂತೆ. ಅದರ ಹಿಂದಿನ ಸ್ಥಿತಿಯಿಂದ ಆಟ ಮುಂದುವರಿಯಬೇಕಂತೆ. ನಮ್ಮ ಅಪರಾಧ ಮೊದಲ ನಡೆಯಲ್ಲೇ ಆದದ್ದರಿಂದ, ಹಿಂದಿನ ಸ್ಥಿತಿಯೆಂದರೆ ಸೃಷ್ಟಿಯ ಆದಿ. ಸತ್ತ ಕುದುರೆಗಳೆಲ್ಲ ಎದ್ದು ಬಂದು ಸಾಲಿನಲ್ಲಿ ನಿಂತವು. ಒಂದೇ ಕೈಯಿಂದ ಶುರುವಾದ ಆ ಎರಡನೆಯ ಆಟದಲ್ಲಿ ಭಾವ ನನ್ನನ್ನು ಲೀಲಾಜಾಲವಾಗಿ ಮುಗಿಸಿದರು. ಈ ವಯಸ್ಸಿನಲ್ಲಿ ನನಗೆ ಅಳುವೊಂದು ಬರಲಿಲ್ಲ, ಅಷ್ಟೆ.

"ಬಾಯಿ ಮುಚ್ಕಂಡ್ ಕೂತಿದ್ರೆ ಗೆಲ್ತಿದ್ಯಲ್ಲೋ ಮಾರಾಯಾ!" ಎಂದು ಭಾವ ಕಾಳಿ ಸೇತುವೆ ದಾಟುವವರೆಗೂ ನಕ್ಕರು.

ಚಿತ್ತಾಕುಲದ ಅವರ ಮನೆ ಮುಟ್ಟುತ್ತಲೇ ಅಕ್ಕ ಊಟಕ್ಕೆ ಕರೆದಳು. ಭಾವ ಮಾತ್ರ ಹಲಗೆ ತೆಗೆದು, ರದ್ದಾದ ಆ ಆಟದ ಕಾಯಿಗಳನ್ನು ಅವು ಇದ್ದಲ್ಲೇ ಒಂದೊಂದಾಗಿ ನಿಲ್ಲಿಸತೊಡಗಿದರು.

"ಸಾರು ಆರ್ತದೆ," ಎಂದಳು ಅಕ್ಕ.

"ತಡಿಯೇ, ನಂದೊಂದು ಸೋಲೂದು ಬಾಕಿ ಅದೆ."

ನಾನು ಆನೆ ನಡೆಸಿದೆ. ಭಾವ ತಮ್ಮ ರಾಜನನ್ನು, ಎರಡೂ ಕೈಯಿಂದ, ನನ್ನ ಕಡೆಗೆ ತಲೆಮಾಡಿ ಮಲಗಿಸಿದರು.