ಸುದ್ದಿಯನ್ನು ಕೆಳಗಿನಿಂದ ಓದುವ ಆಯಮ್ಮ

“ಪೇಪರ್‌ನೋರು ಸುಳ್ಳು ಬರೀತಾರಾ? ನೀವೇನು ಡಾಕ್ಟ್ರಾ?” ದರ್ಜಿ ಪತ್ರಿಕೆಯ ತುಂಡನ್ನು ಆಯಮ್ಮನ ಮುಖಕ್ಕೆ ಹಿಡಿಯುತ್ತಾನೆ.

“ಡಾಕ್ಟ್ರಲ್ಲಪ್ಪ, ಕಸ ಗುಡಿಸೋಳು. ಅದಕ್ಕೇ ಕಸ ಕಂಡ್ರೆ ಗೊತ್ತಾಗತ್ತೆ!”

ಬೆಳಗಿನ ಆರು ಗಂಟೆ. ಕ್ಯಾನ್ಸರ್ ಆಸ್ಪತ್ರೆಯ ರೇಡಿಯೇಷನ್ ಕೋಣೆಯ ಹೊರಗೆ ಬೆಂಚುಗಳು ಆಗಲೇ ತುಂಬಿವೆ. ದರ್ಜಿಗೆ ನಾಲಗೆಯ ಕ್ಯಾನ್ಸರ್. ಮೂವತ್ತು ಸಲ ಕಿರಣ ಕೊಡಬೇಕು, ಇಪ್ಪತ್ತೆರಡು ಮುಗಿದಿದೆ. ಉಳಿದ ಎಂಟು ಬೇಡವೆಂದು ಹಟ ಹಿಡಿದಿದ್ದಾನೆ. ಕೈಯಲ್ಲಿರುವ ತುಂಡಿನ ತಲೆಬರಹ: ‘ಕ್ಯಾನ್ಸರಿಗೆ ರಾಮಬಾಣ ಈ ಸೊಪ್ಪು!’

ಆಯಮ್ಮ ಇಲ್ಲಿ ಸೇರಿ ಇಪ್ಪತ್ತು ವರ್ಷ. ದಿನಕ್ಕೆ ಅರವತ್ತು ಮಂದಿಯನ್ನು ಯಂತ್ರದ ಮೇಜಿನ ಮೇಲೆ ಮಲಗಿಸಿ ಎಬ್ಬಿಸುತ್ತಾರೆ, ನಡುನಡುವೆ ನೆಲ ಒರೆಸುತ್ತಾರೆ. ಓದಿದ್ದು ಮೂರನೇ ಕ್ಲಾಸು.

“ಸುದ್ದೀನ ಕೆಳಗಿನಿಂದ ಓದ್ಬೇಕು,” ಎನ್ನುತ್ತಾರೆ. “ತಲೆಬರಹದಲ್ಲಿ ಮನುಷ್ಯರು ವಾಸಿ ಆಗಿರ್ತಾರೆ. ಕೊನೇ ಸಾಲಿಗೆ ಬಂದ್ರೆ ಇಲಿ ಸಿಗತ್ತೆ!”

ಅವರ ಅಕ್ಕ ಎದೆಯ ಗಂಟನ್ನು ವರ್ಷವಿಡೀ ಮುಚ್ಚಿಟ್ಟಿದ್ದಳು. “‘ಧಾರಾವಾಹೀಲಿ ಈ ಕಾಯಿಲೆ ಬಂದೋರು ಒಬ್ರಾದ್ರೂ ಉಳಿದಿದ್ದಾರೇನೇ?’ ಅಂತಿದ್ಲು. ತೋರಿಸೋ ಹೊತ್ತಿಗೆ ಕೈಮೀರಿತ್ತು.”

ಇವತ್ತು ಹೆದರಿಸುವುದು, ನಾಳೆ ಸೊಪ್ಪು ತಿನ್ನಿಸುವುದು. ಪತ್ರಿಕೆಗೆ, ಧಾರಾವಾಹಿಗೆ ಬರೆಯುವ ನಮಗೆ ಎರಡಕ್ಕೂ ನಾಚಿಕೆಯಿಲ್ಲ. ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದವರು ನಮಗೆ ಸುದ್ದಿಯೇ ಅಲ್ಲ. ಅಂಥವರು ಆಯಮ್ಮನಿಗೆ ಪೇಟೆಯಲ್ಲಿ ಸಿಕ್ಕಿ ಮಾತಾಡಿಸುತ್ತಾರೆ.

“ಆ ಕೊನೇ ಸಾಲನ್ನ ಮೇಲೆ ಹಾಕ್ಲಿ, ಅಷ್ಟು ಸಾಕು,” ಎನ್ನುವುದಷ್ಟೇ ಅವರ ಬೇಡಿಕೆ.

ದರ್ಜಿಯ ಹೆಂಡತಿ ತುಂಡನ್ನು ಕಿತ್ತುಕೊಂಡು ಕೊನೆಯ ಸಾಲು ಹುಡುಕುತ್ತಾಳೆ. “ರೀ, ಪ್ರಯೋಗ ಮಾಡಿದ್ದು ಇಲಿ ಮೇಲೆ ಅಂತಲೇ ಇದೆ ರೀ!”

“ಇಲಿಗಾದ್ರೆ ನನಗಾಗಲ್ವಾ? ಬಾಯೆಲ್ಲ ಹುಣ್ಣು, ನೀರೂ ಇಳೀತಿಲ್ಲ. ಸಾಕಾಗಿದೆ ಅಕ್ಕಾ.”

ಆಯಮ್ಮನ ದನಿ ತಗ್ಗುತ್ತದೆ. “ಗೊತ್ತಪ್ಪ. ಡಾಕ್ಟ್ರಿಗೆ ಹೇಳಿ ಹುಣ್ಣಿಗೆ ಔಷಧಿ ಕೊಡಿಸ್ತೀನಿ. ಇನ್ನು ಎಂಟೇ ದಿನ. ಹೊಳೆ ದಾಟಿ ದಡದಲ್ಲಿ ಮುಳುಗ್ಬೇಡ.”

ದರ್ಜಿ ತುಂಡನ್ನು ಮಡಚಿ ಜೇಬಿಗಿಟ್ಟು ಹೊರಟೇಬಿಡುತ್ತಾನೆ. ಹೆಂಡತಿ ಹಿಂದೆಯೇ ಓಡುತ್ತಾಳೆ.

ಹನ್ನೊಂದು ದಿನವಾಯಿತು, ಅವನು ಬಂದಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಕಿರಣ ಕೊಡುವಾಗ ತಲೆ ಅಲುಗದಿರಲೆಂದು ಅವನ ಮುಖದ ಅಳತೆಗೇ ಮಾಡಿಸಿದ ಮುಖವಾಡ ಕಪಾಟಿನಲ್ಲಿದೆ. ಬೇರೆ ಯಾರಿಗೂ ಅದು ಹೊಂದುವುದಿಲ್ಲ. ಆಯಮ್ಮ ದಿನಾ ಬೆಳಗ್ಗೆ ಅದನ್ನೂ ಒರೆಸಿ ಕೈಗೆ ಸಿಗುವಂತೆ ಇಡುತ್ತಾರೆ.